ಎನ್‌ಜಿಒಗಳು ಹೆಚ್ಚಾದವಾ?

ಚಿತ್ರದುರ್ಗದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಯೋಜನೆ ಬರೆಯೋದು, ಲೆಕ್ಕಪತ್ರ ನೋಡಿಕೊಳ್ಳೋದು ನನ್ನ ಕೆಲಸ. ಪಂಚಾಯಿತಿಗೆ ಕಾಲಿಟ್ಟರೆ ಸಾಕು, "ಏನ್ ಸಾರ್, ಊರಿಗೆರಡು ಎನ್‌ಜಿಒ ಆದ್ವು, ಇಷ್ಟೊಂದು ಯಾಕೆ?" ಅಂತ ಯಾರಾದರೂ ಕೇಳೇ ಕೇಳ್ತಾರೆ.

ಸುಳ್ಳೇನಲ್ಲ. 2015ರಲ್ಲಿ ಸಿಬಿಐ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕದಲ್ಲೇ ದೇಶದಲ್ಲಿ 31 ಲಕ್ಷಕ್ಕೂ ಹೆಚ್ಚು ಸಂಸ್ಥೆಗಳಿದ್ದವು. ನಮ್ಮಲ್ಲಿ ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಸಿದ್ಧ. ಎಷ್ಟೋ ಸಂಘಗಳಿಗೆ ಬೋರ್ಡು ಕೂಡ ಇರಲ್ಲ. ಹಾಗಾಗಿ ತಲೆ ಎಣಿಸಿ ಪ್ರಯೋಜನವಿಲ್ಲ. ಯಾವ ಊರಿಗೆ, ಯಾವ ಕೆಲಸಕ್ಕೆ ಬರ್ತಾರೆ ಅಂತ ನೋಡಬೇಕು.

ಹೆದ್ದಾರಿ ಪಕ್ಕದ ಒಂದು ಶಾಲೆಯ ಬೀರು ತೆಗೆಸಿದೆ. ಮೂರು ಬೇರೆ ಬೇರೆ ಲೋಗೊದ ಬ್ಯಾಗುಗಳು, ಪ್ಲಾಸ್ಟಿಕ್ ಕವರೂ ಬಿಚ್ಚಿಲ್ಲ. "ಬೇಡ ಅಂದ್ರೆ ಮುಂದಿನ ವರ್ಷ ಬರಲ್ಲ ಸಾರ್" ಅಂದರು ಹೆಡ್‌ಮಾಸ್ಟರ್. ಮೊಳಕಾಲ್ಮೂರು ಕಡೆಯ ಒಳಗಿನ ಹಟ್ಟಿಗಳಿಗೆ ಮಾತ್ರ ಯಾರ ಜೀಪೂ ಹೋಗಲ್ಲ.

ಇದಕ್ಕೆ ದುಡ್ಡು ಬರುವ ದಾರಿಯೇ ಕಾರಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಮಾರ್ಚ್ ಹತ್ತಿರ ಬಂದಾಗ ಅವಸರ ಶುರು: ಬೇಗ ಮುಗಿಯೋದು, ಫೋಟೊದಲ್ಲಿ ಕಾಣೋದು ಬೇಕು. ಮೊದಲು ದೊಡ್ಡ ಸಂಸ್ಥೆಗೆ ಬಂದ ವಿದೇಶಿ ದೇಣಿಗೆಯಲ್ಲಿ ತಾಲ್ಲೂಕಿನ ಸಣ್ಣ ಸಂಸ್ಥೆಗೂ ಒಂದು ಪಾಲು ಸಿಗೋದು. ವಿದೇಶಿ ದೇಣಿಗೆ ನಿಯಂತ್ರಿಸೋ ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು.

ನೀರಿನ ಕಥೆ ಕೇಳಿ. ಕುಡಿಯೋ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು; ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ದಾಟಿದೆ. ಶುದ್ಧ ನೀರಿನ ಘಟಕ ಕಟ್ಟಿಸೋಕೆ ದಾನಿಗಳು ಸಿಗ್ತಾರೆ, ಟೇಪೂ ಕತ್ತರಿಸ್ತಾರೆ. ಆಮೇಲೆ ನೀರು ಸೋಸೋ ಮೆಂಬ್ರೇನ್ ಕಟ್ಟಿಕೊಳ್ಳುತ್ತೆ, ಪಂಪು ಸುಡುತ್ತೆ, ಬೀಗ ಬೀಳುತ್ತೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ತಿದ್ದವರು ಮತ್ತೆ ಅದೇ ಬೋರಿನ ನೀರಿಗೆ. ಬಜೆಟ್ಟಿನಲ್ಲಿ ನಾವು ಬರೆದ 'ನಿರ್ವಹಣೆ' ಸಾಲನ್ನೇ ದಾನಿಗಳು ಮೊದಲು ಹೊಡೆದುಹಾಕೋದು.

ಅದಕ್ಕೇ ಈಗ ಹೊಸ ಯೋಜನೆ ಬರೆಯೋ ಮುಂಚೆ ಪಿಡಿಒ ಹತ್ತಿರ ಹೋಗಿ, ಏನೇನು ಕೆಟ್ಟು ಕೂತಿದೆ ಅಂತ ಕೇಳಿ ಬರೆದುಕೊಳ್ತೇನೆ. ಈ ಸಲ ಹೊಸ ಘಟಕ ಕೇಳಲೇ ಇಲ್ಲ. ಇರೋವಕ್ಕೆ ಮೆಂಬ್ರೇನ್, ಆಪರೇಟರ್ ಸಂಬಳ, ಅಷ್ಟೇ. "ಹಾಗಾದ್ರೆ ಉದ್ಘಾಟನೆ ಯಾವುದಕ್ಕೆ?" ಅಂತ ಕೇಳಿದರು ಕಂಪನಿಯವರು. ಬೀಗ ಬಿದ್ದ ಘಟಕಗಳ ಪಟ್ಟಿ ಕಳಿಸಿದ್ದೇನೆ.

ಸಣ್ಣ ಸಂಸ್ಥೆಗಳನ್ನೆಲ್ಲ ದೊಡ್ಡವರ ಜೊತೆ ಸೇರಿಸಿಬಿಡಿ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಹಟ್ಟಿಯಲ್ಲಿ ಯಾರ ಮನೆ ಮಗು ಶಾಲೆ ಬಿಟ್ಟಿದೆ ಅನ್ನೋದು ಅಲ್ಲೇ ಓಡಾಡೋ ಸಣ್ಣ ಸಂಸ್ಥೆಯವರಿಗೇ ಗೊತ್ತಿರೋದು.