ಮೇಷ್ಟ್ರು ಯಾಕೆ ಕಾಫಿ ಕುಡಿಯಲ್ಲ

16 ನವೆಂಬರ್ 2025, ಭಾನುವಾರ
ಹಾಸನ

ಬೆಳಿಗ್ಗೆ ಎಂಟಾದರೂ ಮಂಜು ಬಿಟ್ಟಿರಲಿಲ್ಲ. ಜೇಡಿಮಣ್ಣು ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಒಂದು ಬಕೆಟ್ ನೀರು ಕಾಯಿಸಿಟ್ಟು ಕಾರ್ ಶೆಡ್ಡಿನ ಶಟರ್ ಎತ್ತಿದೆ. ಭಾನುವಾರ ಕೆಲವರು ನಮ್ಮ ಮನೆಯಲ್ಲಿ ಸೇರಿ ಮಾಡುವ ಜೇಡಿಮಣ್ಣಿನ ಕೆತ್ತನೆ ಕೆಲಸ ಈಗ ಹಾಲ್‌ನಲ್ಲಿಲ್ಲ, ಶೆಡ್ಡಿನಲ್ಲಿ. ಕಾರು ಬೀದಿಯಲ್ಲಿ ನಿಂತಿದೆ. ನಮ್ಮ ಮನೆಯವರ ಮುಖ ಇನ್ನೂ ಪೂರ್ತಿ ಸಡಿಲವಾಗಿಲ್ಲ.

ಇದಕ್ಕೆಲ್ಲ ಕಾರಣ ಮನೆ ಮುಂದಿನ ಮೂರು ಮೆಟ್ಟಿಲು. ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಒಬ್ಬರು ಬರುತ್ತಾರೆ. ಸ್ಟ್ರೋಕ್ ಆದಮೇಲೆ ಗಾಲಿಕುರ್ಚಿ, ಬಲಗೈಯಲ್ಲಿ ಹಿಡಿತ ಕಮ್ಮಿ. ಮೊದಲ ವಾರ ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿದರು. ಇಳಿಸಿದ ಮೇಲೆ ಮೇಷ್ಟ್ರು ನಗುತ್ತಲೇ, "ನಾನೇನಮ್ಮ, ಅಕ್ಕಿ ಮೂಟೆನಾ?" ಅಂದರು. ಎರಡನೇ ವಾರ ಆರಡಿ ಹಲಗೆ ಹಾಕಿ ರ‍್ಯಾಂಪ್ ಅಂತ ಹೆಸರಿಟ್ಟೆವು. ಅದು ಜಾರುಬಂಡೆ. ಗಾರೆ ಮೇಸ್ತ್ರಿ ಬಂದು ಟೇಪ್ ಹಿಡಿದರು. ಮೆಟ್ಟಿಲು ಆರಾರು ಇಂಚು, ಒಟ್ಟು 18. ಒಂದು ಇಂಚು ಏರೋಕೆ 12 ಇಂಚು ಉದ್ದ ಬೇಕು ಅನ್ನೋ ಲೆಕ್ಕದಲ್ಲಿ 18 ಅಡಿ ಇಳಿಜಾರು. ನಮ್ಮ ಮನೆ ಮುಂದೆ ಇರೋದೇ 9 ಅಡಿ, ಅದರಲ್ಲೂ ತುಳಸಿಕಟ್ಟೆ. ರಸ್ತೆ ಮಟ್ಟದಲ್ಲೇ ಇರುವ ಶೆಡ್ಡು ಆಗ ಕಣ್ಣಿಗೆ ಬಿತ್ತು. ಇಷ್ಟು ದಿನ ಅದು ಕಾರಿನ ಜಾಗ, ಮನುಷ್ಯರದ್ದಲ್ಲ ಅಂದುಕೊಂಡಿದ್ದೆ, ಅಷ್ಟೆ.

ಮೇಜಿನ ಡ್ರಾಯರ್ ಮೇಷ್ಟ್ರ ಮೊಣಕಾಲಿಗೆ ಹೊಡೆಯುತ್ತಿತ್ತು. ಕಿತ್ತು ಹಾಕಿಸಿ, ಮೇಜಿನ ಕಾಲುಗಳ ಕೆಳಗೆ ಮರದ ತುಂಡು ಕೊಟ್ಟೆವು. ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬ್ ತಂದು ಮಣ್ಣು ಕೆತ್ತುವ ಕಡ್ಡಿಗಳ ಹಿಡಿಗೆ ದಪ್ಪಗೆ ಸುತ್ತಿದೆ. ಈಗ ಬಲಗೈಯಲ್ಲೂ ನಿಲ್ಲುತ್ತದೆ. ಎಲ್ಲರೂ ಆ ಟ್ಯೂಬಿನ ಕಡ್ಡಿಯನ್ನೇ ಎತ್ತಿಕೊಳ್ಳುತ್ತಾರೆ ಅನ್ನೋದು ಈಗಿನ ತಕರಾರು.

ಹನ್ನೆರಡು ವರ್ಷದ ಹುಡುಗನದ್ದು ಬೇರೆಯೇ ಕಥೆ. ಆಟಿಸಂ ಇದೆ. ಮಣ್ಣು ಹದ ಮಾಡಲು ಹಲಗೆಗೆ ಬಡಿದರೆ ಎರಡೂ ಕಿವಿ ಮುಚ್ಚಿಕೊಂಡು ಗೇಟಿನ ಹೊರಗೆ ಹೋಗಿ ನಿಲ್ಲುತ್ತಿದ್ದ. ಈಗ ಬಡಿಯೋದೆಲ್ಲ ಅವನು ಬರುವ ಮೊದಲೇ, ಹಲಗೆ ಕೆಳಗೆ ಗೋಣಿಚೀಲ ಹಾಕಿ. ಗುಂಯ್ ಅನ್ನುತ್ತಿದ್ದ ಟ್ಯೂಬ್‌ಲೈಟೂ ಹೋಯಿತು. ಆದರೂ ಕೈಗೆ ಅಂಟಿದ ಮಣ್ಣು ಒಣಗುವುದು ಅವನಿಗೆ ಆಗದು. ಪಕ್ಕದಲ್ಲೇ ಬಿಸಿನೀರು ಇಟ್ಟರೂ ಎರಡು ನಿಮಿಷಕ್ಕೊಮ್ಮೆ ತೊಳೆದುಕೊಳ್ಳುತ್ತಾನೆ. ಹೋದ ವಾರ ಒಂದು ತುಂಡು ಬಳಪದ ಕಲ್ಲು ಕೊಟ್ಟು ನೋಡಿದೆ. ಬೇಲೂರು, ಹಳೇಬೀಡಿನ ದೇವಸ್ಥಾನಗಳದ್ದು ಇದೇ ಜಾತಿಯ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಹೊಸ ತುಂಡನ್ನು ಉಗುರಿನಲ್ಲೂ ಗೀರಬಹುದು. ಕೈಗೆ ಸೋಪಿನ ಹಾಗೆ ನುಣುಪು. ಒಣಗಿದ್ದಾಗ ಉಜ್ಜಿದರೆ ಪುಡಿ ಮೂಗಿಗೆ ಹೋಗುತ್ತದೆ, ಉಜ್ಜುವ ಅರ ಕಿರ್ ಅನ್ನುತ್ತದೆ. ನೀರಿನ ಬೋಗುಣಿಯೊಳಗೇ ಉಜ್ಜು ಅಂದೆ. ಪುಡಿಯೂ ಇಲ್ಲ, ಸದ್ದೂ ಅಷ್ಟಿಲ್ಲ. ಇವತ್ತು ಒಂದು ಗಂಟೆ ಅಲುಗಾಡದೆ ಕೂತಿದ್ದ. ಆನೆಯೋ ಹಂದಿಯೋ ಗೊತ್ತಾಗಲಿಲ್ಲ, ಕೇಳಲೂ ಇಲ್ಲ.

ಹೊಸದಾಗಿ ಬಂದವರೊಬ್ಬರು ಇದನ್ನೆಲ್ಲ ನೋಡಿ, "ಇಷ್ಟು ಕಷ್ಟಪಡೋ ಬದಲು ಇವರಿಗೇ ಅಂತ ಬೇರೆ ಕ್ಲಾಸ್ ಇಟ್ಟುಬಿಡಿ" ಅಂದರು. ಒಳ್ಳೇ ಮನಸ್ಸಿನಿಂದಲೇ ಅಂದದ್ದು. ಹುಡುಗನ ಅಮ್ಮ ತಲೆ ಎತ್ತದೆ, "ಮುಂಚೆ ಕಾಯ್ದೇಲಿ ಅಂಗವೈಕಲ್ಯ ಏಳು ಥರ ಅಂತಿತ್ತು, 2016ರಲ್ಲಿ 21 ಮಾಡಿದ್ರು. 21 ಕ್ಲಾಸ್ ಇಡ್ತಾರಾ ಮೇಡಂ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇವತ್ತಿನ ತಪ್ಪು ನನ್ನದು. ಕಣ್ಣು ಕಾಣದ ಅಕ್ಕ ಒಬ್ಬರಿದ್ದಾರೆ. ಅವರ ಮುಂದಿನ ತಟ್ಟೆಯಲ್ಲಿ ಎಲ್ಲಕ್ಕೂ ಗಡಿಯಾರದ ಅಂಕಿಗಳಿರುವ ಜಾಗದ ಲೆಕ್ಕ: ಹನ್ನೆರಡಕ್ಕೆ ನೀರು, ಮೂರಕ್ಕೆ ಕಡ್ಡಿ, ಒಂಬತ್ತಕ್ಕೆ ಬಟ್ಟೆ. ನಾನು ಕಾಫಿ ತಂದವಳು ಏನೂ ಹೇಳದೆ ನೀರಿನ ಬಟ್ಟಲು ಸರಿಸಿ ಲೋಟ ಇಟ್ಟೆ. ಅಕ್ಕ ಮಣ್ಣಿನ ಬೆರಳನ್ನು ನೇರ ಕಾಫಿಗೆ ಅದ್ದಿದರು. ಪುಣ್ಯಕ್ಕೆ ಸುಡುವಷ್ಟು ಬಿಸಿ ಇರಲಿಲ್ಲ. "ಚಿಕ್ಕಮಗಳೂರು ಕಾಫಿಯಲ್ಲಿ ಮಣ್ಣು ಕಲಸಿದೋಳು ನಾನೇ ಮೊದಲು ಇರಬೇಕು" ಅಂತ ನಕ್ಕರು. ಆಮೇಲೆ ಮೆಲ್ಲಗೆ, "ಕಣ್ಣು ಕಾಣೋರು ಎಲ್ಲಾನೂ ಸರಿಸ್ತಾನೇ ಇರ್ತೀರಪ್ಪ" ಅಂದರು. ಆ ಮಾತು ಸಂಜೆಯವರೆಗೂ ತಲೆಯಲ್ಲಿ ತಿರುಗುತ್ತಿತ್ತು.

ಬೇರೆ ಲೋಟ ತರಲು ಹೋದಾಗ ಗಮನಿಸಿದೆ, ಮೇಷ್ಟ್ರ ಕಾಫಿ ಹಾಗೇ ಕೆನೆಗಟ್ಟಿದೆ. ಹೋದ ವಾರವೂ ಹೀಗೇ, ಅದರ ಹಿಂದಿನ ವಾರವೂ. ಸಕ್ಕರೆ ಕಾಯಿಲೆ ಇರಬಹುದು ಅಂದುಕೊಂಡಿದ್ದೆ. "ಸಕ್ಕರೆ ಹಾಕದೆ ತರ್ಲಾ ಮೇಷ್ಟ್ರೇ?" ಅಂದೆ.

"ಅದಲ್ಲಮ್ಮ. ಶನಿವಾರ ರಾತ್ರಿಯಿಂದಲೇ ನೀರು ಕಮ್ಮಿ ಮಾಡ್ತೀನಿ."

ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಎಲ್ಲರೂ ಹೋದಮೇಲೆ ಹಿತ್ತಲ ಬಾತ್‌ರೂಮಿನ ಬಾಗಿಲು ಅಳೆದೆ, 23 ಇಂಚು. ಬೆಳಿಗ್ಗೆ ಮೇಷ್ಟ್ರ ಕುರ್ಚಿ ಗೋಡೆಗೆ ತಾಗಿದ ಎರಡು ಗೀರುಗಳ ನಡುವಿನ ಅಂತರವೂ ಅಳೆದೆ, 25. ಬಾಗಿಲು ಒಳಕ್ಕೆ ಬೇರೆ ತೆರೆಯುತ್ತದೆ.

ಮೇಸ್ತ್ರಿ ಫೋನಿನಲ್ಲಿ ಮೂರಡಿ ಬಾಗಿಲು ಮಾಡಬಹುದು ಅಂದಿದ್ದಾರೆ, ಗೋಡೆ ಒಡೀಬೇಕು. ಬಾಡಿಗೆ ಮನೆ. ಓನರ್‌ಗೆ ನಾಳೆ ಹತ್ತು ಗಂಟೆಯ ಮೇಲೆ ಫೋನ್ ಮಾಡಬೇಕು, ಪೂಜೆ ಮುಗಿಸಿ ಕೂತಿರುತ್ತಾರೆ, ಮನಸ್ಸು ಸ್ವಲ್ಪ ಮೆತ್ತಗಿರುತ್ತದೆ.