ತೂಕದ ಪಟ್ಟಿಯಲ್ಲಿ ನೆರೆ

ಹವಾಮಾನ ಬದಲಾವಣೆ ಮತ್ತು ಪುಟ್ಟ ಮಕ್ಕಳ ಆರೋಗ್ಯದ ಕುರಿತ ಅಧ್ಯಯನಕ್ಕಾಗಿ ಈಗ ಕಾರವಾರ ತಾಲ್ಲೂಕಿನ ಕಾಳಿ ದಂಡೆಯ ಅಂಗನವಾಡಿಗಳಲ್ಲಿ ಹಳೆಯ ತೂಕದ ಪಟ್ಟಿಗಳನ್ನು ನೋಡುತ್ತಿದ್ದೇನೆ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನೆರೆ ಕಂಡ ಊರುಗಳಿವು. ಒಂದು ಮಗುವಿನ ಗೆರೆ ಜುಲೈವರೆಗೆ ಚೆನ್ನಾಗಿ ಏರಿದೆ, ನೆರೆಯ ತಿಂಗಳು ಕುಸಿದಿದೆ, ದೀಪಾವಳಿಯ ಹೊತ್ತಿಗೂ ಮೊದಲಿನ ಮಟ್ಟಕ್ಕೆ ಬಂದಿಲ್ಲ. "ಬಾವಿಗೆ ಹೊಳೆನೀರು ನುಗ್ಗಿತ್ತು ಮೇಡಂ, ಭೇದಿ ನಿಲ್ಲಲೇ ಇಲ್ಲ" ಎಂದರು ಕಾರ್ಯಕರ್ತೆ. ಅವರಿಗೆ ಆ ಮಗುವಿನ ಹೆಸರು, ಮನೆ, ಎಲ್ಲವೂ ನೆನಪಿದೆ.

ಬಿದ್ದ ಮನೆ, ಸತ್ತ ದನ, ಕೊಳೆತ ಭತ್ತ ನೆರೆಹಾನಿಯ ಲೆಕ್ಕಕ್ಕೆ ಬರುತ್ತವೆ. ಮಗುವೊಂದು ಕಳೆದುಕೊಂಡ ಅರ್ಧ ಕಿಲೋ ಯಾವ ಲೆಕ್ಕಕ್ಕೂ ಬರುವುದಿಲ್ಲ. ಇದು ನನ್ನನ್ನು ಬಿಡದೆ ಕಾಡುತ್ತಿದೆ.

ಬೇಸಿಗೆಯ ಸಂಕಟವೇ ಬೇರೆ. ನಮ್ಮ ಕಡಲತೀರದ ಸೆಕೆಯಲ್ಲಿ ಬೆವರು ಬೇಗ ಆರುವುದಿಲ್ಲ, ಆರದೆ ಮೈ ತಣಿಯುವುದಿಲ್ಲ. ಹಸುಗೂಸು ದೊಡ್ಡವರಷ್ಟು ಬೆವರುವುದೂ ಇಲ್ಲ, ಬಾಯಾರಿಕೆಯನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಆರು ತಿಂಗಳೊಳಗಿನ ಮಗುವಿಗೆ ನೀರು ಬೇಡ, ಎದೆಹಾಲನ್ನೇ ಮತ್ತೆ ಮತ್ತೆ ಕೊಡಿ ಎನ್ನುತ್ತೇವೆ. ಸಲಹೆ ಸರಿಯಾದದ್ದೇ. ಆದರೆ ಮೀನಿನ ಬುಟ್ಟಿ ಇಟ್ಟುಕೊಂಡು ಮಧ್ಯಾಹ್ನ ದಾಟುವವರೆಗೆ ಪೇಟೆಯಲ್ಲಿ ಕೂರುವ ತಾಯಿ ಏನು ಮಾಡಬೇಕು? ಕೂಸು ಮನೆಯಲ್ಲಿ ಅಜ್ಜಿಯ ಬಳಿ, ಕಾದ ತಗಡಿನ ಮಾಡಿನ ಕೆಳಗೆ. ನಾಳೆಯಿಂದ ಪ್ರತಿ ತಾಯಿಯ ಕೆಲಸದ ವೇಳೆಯನ್ನೂ ಮನೆಯ ಮಾಡು ಯಾವುದರದ್ದೆಂಬುದನ್ನೂ ಕೇಳಿ ಬರೆದುಕೊಳ್ಳುತ್ತೇನೆ.