ಮಲಗುವ ಜಾಗ ಮೊದಲು

ಬೈಕಿನಲ್ಲಿ ದೂರ ಹೋಗುವವರು ಸಾಮಾನ್ಯವಾಗಿ ನೋಡಬೇಕಾದ ಜಾಗಗಳನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಕತ್ತಲಾದಲ್ಲಿ ಟೆಂಟ್ ಹಾಕಿದರಾಯಿತು ಎಂದುಕೊಳ್ಳುತ್ತಾರೆ. ನನಗೆ ಈ ಕ್ರಮ ಒಪ್ಪಿಗೆಯಿಲ್ಲ. ಮಲಗುವ ಜಾಗ ಹೊತ್ತಿರುವಾಗಲೇ ಸಿಗಬೇಕು. ಅದು ಸಿಕ್ಕಿದ ಮೇಲೆ ಉಳಿದ ಬೆಳಕೆಲ್ಲ ನೋಡುವುದಕ್ಕೆ. ಬೆಟ್ಟದ ಸೀಮೆಯೊಂದರಲ್ಲಿ ಗೆಳೆಯನೊಂದಿಗೆ ಕಳೆದ ಒಂದು ದಿನದ ಬಗ್ಗೆ ಹೇಳಿದರೆ ಏಕೆ ಎಂಬುದು ತಿಳಿಯುತ್ತದೆ.

ಆ ದಿನ ನಮ್ಮ ನಕ್ಷೆಯಲ್ಲಿ ಒಂದು ಜಲಪಾತವಿತ್ತು. ಗೆಳೆಯನಿಗೆ ನೇರವಾಗಿ ಅಲ್ಲಿಗೇ ಹೋಗುವ ಆಸೆ. ನಾನು ಮಧ್ಯಾಹ್ನವೇ ಬೈಕ್ ನಿಲ್ಲಿಸಿ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳನ್ನು ನೋಡತೊಡಗಿದೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರದೂರವಾಗಿದ್ದರೆ ಸಮತಟ್ಟಾದ ನೆಲ. ಜಲಪಾತದ ಹೊಳೆ ಪಡುವಣಕ್ಕೆ ಹರಿಯುತ್ತಿತ್ತು. ಅಂದರೆ ಬೀಳುವ ನೀರಿನ ಮುಖ ಪಡುವಣಕ್ಕೆ. ಬಿಸಿಲು ಅದರ ಮೇಲೆ ನೇರವಾಗಿ ಬೀಳುವುದು ಸಂಜೆಯ ಮುನ್ನ. ಅವಸರಪಟ್ಟು ಹೋಗುವ ಅಗತ್ಯವೇ ಇರಲಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ಹೊಳೆಯ ದಂಡೆಯ ಮರಳು. ಚೆಲುವಾದ ಜಾಗ, ನೀರು ಹತ್ತಿರ, ನೆರಳೂ ಇತ್ತು. ಗೆಳೆಯ ಆಗಲೇ ಚೀಲದ ಪಟ್ಟಿ ಬಿಚ್ಚತೊಡಗಿದ್ದ. ನಾನು ಪೊದೆಗಳನ್ನು ತೋರಿಸಿದೆ. ನನ್ನ ಎದೆಮಟ್ಟದ ಕೊಂಬೆಗಳಲ್ಲಿ ಒಣಹುಲ್ಲು, ಕಸಕಡ್ಡಿ ಸಿಕ್ಕಿಕೊಂಡು ಎಲ್ಲವೂ ಒಂದೇ ದಿಕ್ಕಿಗೆ ಬಾಗಿದ್ದವು. ನೀರು ಅಷ್ಟು ಎತ್ತರಕ್ಕೆ ಬಂದುಹೋಗಿದೆ ಎಂದು ಅವೇ ಹೇಳುತ್ತಿದ್ದವು. ನಮ್ಮ ತಲೆಯ ಮೇಲೆ ನಕ್ಷತ್ರಗಳಿದ್ದರೂ ಮೇಲಿನ ಕಣಿವೆಯಲ್ಲಿ ಮಳೆ ಸುರಿದರೆ ಸಾಕು, ರಾತ್ರಿ ನಿದ್ದೆಯಲ್ಲಿರುವಾಗಲೇ ಪ್ರವಾಹ ಬರಬಹುದು. ಅಲ್ಲದೆ ಸಾಮಾನು ಹೇರಿದ ಬೈಕಿನ ಸೈಡ್ ಸ್ಟ್ಯಾಂಡ್ ಮರಳಿನಲ್ಲಿ ಮೆಲ್ಲಗೆ ಹೂತುಹೋಗುತ್ತದೆ. ಮುಂದೆ ಹೊರಟೆವು.

ನಂತರ ರಸ್ತೆ ಒಂದು ಏಣಿನ, ಅಂದರೆ ಬೆಟ್ಟದ ಉದ್ದನೆಯ ಬೆನ್ನಿನ, ಮೇಲೆ ಹತ್ತಿತು. ಎರಡೂ ಕಡೆ ಕಣಿವೆ, ಅದರಾಚೆ ನೀಲಿಯಾಗುತ್ತ ಹೋಗುವ ಬೆಟ್ಟಗಳ ಸಾಲು. "ಇಂಥ ನೋಟ ಇನ್ನೆಲ್ಲಿ ಸಿಗುತ್ತದೆ? ಇಲ್ಲೇ ಉಳಿಯೋಣ" ಎಂದ ಗೆಳೆಯ. ಅವನ ಮಾತು ಅರ್ಧ ನಿಜ. ಅಲ್ಲಿದ್ದ ಒಂಟಿ ಮರದ ಕೊಂಬೆಗಳೆಲ್ಲ ಒಂದೇ ಮಗ್ಗುಲಿಗೆ ಬೆಳೆದಿದ್ದವು. ವರ್ಷವಿಡೀ ಬೀಸುವ ಗಾಳಿ ಇನ್ನೊಂದು ಮಗ್ಗುಲಿನಲ್ಲಿ ಚಿಗುರಲು ಬಿಟ್ಟಿರಲಿಲ್ಲ. ಅಂಥ ಕಡೆ ಟೆಂಟಿನ ಬಟ್ಟೆ ರಾತ್ರಿಯಿಡೀ ಪಟಪಟನೆ ಬಡಿದುಕೊಳ್ಳುತ್ತದೆ. ಗುಡುಗು ಬಂದರಂತೂ ಬೋಳು ಏಣಿನ ಮೇಲೆ ಇರುವುದು ಪ್ರಾಣಕ್ಕೇ ಅಪಾಯ. ಅದು ನಿಂತು ನೋಡುವ ಜಾಗ, ಮಲಗುವ ಜಾಗವಲ್ಲ. ಈ ಎರಡನ್ನೂ ಒಂದೇ ಕಡೆ ಬಯಸುವುದರಿಂದಲೇ ಎಷ್ಟೋ ಪ್ರವಾಸಗಳ ರಾತ್ರಿಗಳು ಕೆಡುತ್ತವೆ ಎಂದು ನನ್ನ ನಂಬಿಕೆ. ಅಲ್ಲಿ ಮನಸ್ಸು ತುಂಬುವಷ್ಟು ಹೊತ್ತು ನಿಂತು ನೋಡಿದೆವು.

ಹಾಗೆಂದು ಕಣಿವೆಯ ತಳವೂ ಒಳ್ಳೆಯದಲ್ಲ. ಗಾಳಿಯಿಲ್ಲದ ತಿಳಿ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ತಳದಲ್ಲಿ ನಿಲ್ಲುತ್ತದೆ. ಚಳಿ, ಇಬ್ಬನಿ ಎರಡೂ ಅಲ್ಲೇ ಹೆಚ್ಚು. ನಮಗೆ ಬೇಕಾಗಿದ್ದದ್ದು ನಡುವಿನ ಮಟ್ಟ. ಕೈ ಚಾಚಿ, ಬೆರಳುಗಳನ್ನು ಅಡ್ಡಲಾಗಿ ಹಿಡಿದು ಸೂರ್ಯನಿಗೂ ಬೆಟ್ಟದ ಅಂಚಿಗೂ ನಡುವಿನ ಅಂತರ ಅಳೆದೆ. ಸೂರ್ಯ ಮರೆಯಾಗಲು ಒಂದು ಬೆರಳಿಗೆ ಸುಮಾರು 15 ನಿಮಿಷ. ಧ್ರುವಗಳ ಕಡೆಯ ನಾಡುಗಳಲ್ಲಿ ಸೂರ್ಯ ತೀರ ಓರೆಯಾಗಿ ಇಳಿಯುವುದರಿಂದ ಅಲ್ಲಿ ಈ ಲೆಕ್ಕ ನಂಬುವಂತಿಲ್ಲ. ಉಳಿದೆಡೆ ಸಾಕಷ್ಟು ಸರಿಯಾಗಿರುತ್ತದೆ.

ಇಳಿಜಾರಿನ ನಡುವೆ ಮೆಟ್ಟಿಲಿನಂತೆ ಸಮತಟ್ಟಾದ ಹುಲ್ಲುನೆಲ ಸಿಕ್ಕಿತು. ಸ್ವಲ್ಪ ದೂರದಲ್ಲಿ ಒಂದು ಮನೆ. ಹೆಲ್ಮೆಟ್ ತೆಗೆದು, ಬಾಗಿಲಲ್ಲಿದ್ದ ಹಿರಿಯ ಹೆಂಗಸನ್ನು ಕೇಳಿದೆ: "ಅಮ್ಮ, ಈ ಒಂದು ರಾತ್ರಿ ಅಲ್ಲಿ ಟೆಂಟ್ ಹಾಕಿಕೊಳ್ಳಬಹುದೇ? ಬೆಂಕಿ ಹಾಕುವುದಿಲ್ಲ, ಬೆಳಿಗ್ಗೆ ಹೊರಟುಬಿಡುತ್ತೇವೆ."

"ಹಾಕಿಕೊಳ್ಳಿ. ಆದರೆ ಆ ಒಣಮರದ ಕೆಳಗೆ ಬೇಡಪ್ಪ, ಗಾಳಿಯಿಲ್ಲದಿದ್ದರೂ ಅದರ ಕೊಂಬೆ ಬೀಳುತ್ತದೆ" ಎಂದರು.

ಯಾವ ನಕ್ಷೆಯೂ ಕೊಡದ ಮಾತು ಅದು. ಕೇಳದೆ ಕದ್ದುಮುಚ್ಚಿ ಟೆಂಟ್ ಹಾಕುವವರು ಬೇರೆಯವರ ನೆಲದ ಮೇಲಿನ ಮರ್ಯಾದೆಯ ಜೊತೆಗೆ ಈ ತಿಳಿವಳಿಕೆಯನ್ನೂ ಕಳೆದುಕೊಳ್ಳುತ್ತಾರೆ. ಮರದಿಂದ ದೂರ ಟೆಂಟ್ ಹಾಕಿ, ಬಾಗಿಲನ್ನು ಮೂಡಣಕ್ಕೆ ತಿರುಗಿಸಿದೆವು. ಬೈಕುಗಳ ಮುಂಭಾಗ ಏರಿನ ಕಡೆಗೆ ಇರುವಂತೆ ನಿಲ್ಲಿಸಿ, ಮೊದಲ ಗೇರಿಗೆ ಹಾಕಿ, ಸೈಡ್ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲಿಟ್ಟೆವು. ಟೆಂಟಿಗೆ ಅಂಟಿಸಿ ಬೈಕ್ ನಿಲ್ಲಿಸುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಬೈಕ್ ಮಗುಚಬಹುದು; ಸೈಲೆನ್ಸರ್ ಆರಿರುವುದಿಲ್ಲ; ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿ ನೆಲದ ಮಟ್ಟದಲ್ಲೇ ಹರಿದಾಡುತ್ತದೆ.

ಸಾಮಾನು ಇಳಿಸಿದ ಮೇಲೆ ಅದೇ ಬೈಕು ಬೇರೆಯೇ ಬೈಕು. ಜಲಪಾತದ ಕಲ್ಲುದಾರಿಯನ್ನು ಹೊರೆಯ ಸಮೇತ ಹತ್ತಿದ್ದರೆ ಕಣ್ಣು ದಾರಿ ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ. ಹಗುರವಾಗಿ ಹೋದೆವು. ದಾರಿಯಲ್ಲಿ ಹೂ ಬಿಟ್ಟ ಬಂಡೆಗಳನ್ನು ಕಂಡಲ್ಲೆಲ್ಲ ನಿಂತೆವು. "ಕತ್ತಲಾದರೆ?" ಎಂಬ ಪ್ರಶ್ನೆ ಇಬ್ಬರ ತಲೆಯಲ್ಲೂ ಇರಲಿಲ್ಲ.

ಜಲಪಾತದ ಎದುರು ಬಂದು ನಿಂತಾಗ ಸೂರ್ಯ ನಮ್ಮ ಬೆನ್ನ ಹಿಂದೆ ಸಾಕಷ್ಟು ಕೆಳಗಿದ್ದ. ಸೂರ್ಯನಿಗೆ ನೇರ ವಿರುದ್ಧವಿರುವ ಬಿಂದುವಿನ ಸುತ್ತ 42 ಡಿಗ್ರಿಯಷ್ಟು ದೂರದಲ್ಲಿ ಕಾಮನಬಿಲ್ಲು ಮೂಡುತ್ತದೆ. ಹಾಗಾಗಿ ಸೂರ್ಯ ಇಳಿದಷ್ಟೂ ಬಿಲ್ಲು ಮೇಲೇರುತ್ತದೆ. ಮೊದಲು ತುಂತುರಿನ ಬುಡದಲ್ಲಿದ್ದ ಬಣ್ಣದ ಕಮಾನು ನಾವು ನೋಡುತ್ತಿದ್ದಂತೆ ನೀರಿನ ಉದ್ದಕ್ಕೂ ನಿಧಾನವಾಗಿ ಹತ್ತಿತು. ಗೆಳೆಯ ಕ್ಯಾಮೆರಾ ಚೀಲಕ್ಕೆ ಹಾಕಿ ಬಂಡೆಯ ಮೇಲೆ ಕುಳಿತುಬಿಟ್ಟ. ಅಷ್ಟು ಹೊತ್ತು ಒಂದೇ ಕಡೆ ಕುಳಿತದ್ದನ್ನು ನಾನು ಕಂಡೇ ಇರಲಿಲ್ಲ. ಬೆಟ್ಟದ ನೆರಳು ನೀರನ್ನು ಮುಟ್ಟಿದ ಮೇಲೆ ಎದ್ದೆವು. ಟೆಂಟಿಗೆ ಬರುವಾಗ ಇನ್ನೂ ದಾರಿ ಕಾಣುವಷ್ಟು ಬೆಳಕಿತ್ತು.

ಬೆಳಿಗ್ಗೆ ಕೆಳಗಿನ ಕಣಿವೆ ತುಂಬ ಮಂಜು. ನಮ್ಮ ಮಟ್ಟದಲ್ಲಿ ಬಿಸಿಲು. ಟೆಂಟ್ ಬೇಗನೆ ಒಣಗಿತು. ಕಸವನ್ನೆಲ್ಲ ಚೀಲಕ್ಕೆ ತುಂಬಿ, ಮಲಗಿದ ಹುಲ್ಲನ್ನು ಕೈಯಿಂದ ಎಬ್ಬಿಸಿ, ಹೇಳಿಹೋಗಲು ಮನೆಯ ಬಳಿ ಹೋದೆವು. ಆ ಅಮ್ಮ ಏಣಿನಾಚೆಯ ಒಂದು ಹಳೆಯ ಕಲ್ಲುಸೇತುವೆಯ ಬಗ್ಗೆ ಹೇಳಿ, ದಾರಿ ಕವಲೊಡೆಯುವಲ್ಲಿ ಎಡಕ್ಕೆ ಹೋಗಬೇಕೆಂದು ಎರಡು ಸಲ ಹೇಳಿದರು. ನಮ್ಮ ನಕ್ಷೆಯಲ್ಲಿ ಅದು ಇರಲಿಲ್ಲ. ಗೆಳೆಯ ಅದನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಂಡ. ಮುಂದಿನ ರಾತ್ರಿಗೆ ಅದರ ಸುತ್ತ ಎಲ್ಲಿ ಗೆರೆಗಳು ದೂರದೂರವಾಗಿವೆ ಎಂದು ನಾನು ನೋಡತೊಡಗಿದೆ.